ಚಿತ್ರಕೊಳವೆಯ ಕಾಯಿಲೆಗಳು

ಎರಡು ವರ್ಷಗಳ ಹಿಂದೆ, ಬೇಸಿಗೆಯ ರಜೆ ಮುಗಿದ ಮೊದಲ ವಾರದಲ್ಲಿ, ನಮ್ಮ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದನು. ಅವನ ಅಜ್ಜನ ಮನೆಯಲ್ಲಿ ಹಳೆಯದೊಂದು ದೂರದರ್ಶನ ಯಂತ್ರವಿತ್ತು. ಒಂದು ಸಂಜೆ ವಾರ್ತೆಯನ್ನು ನೋಡುತ್ತಿದ್ದಾಗ ಚಿತ್ರವೆಲ್ಲವೂ ಇದ್ದಕ್ಕಿದ್ದಂತೆ ಕುಸಿದು, ತೆರೆಯ ನಡುವೆ ಎಡದಿಂದ ಬಲಕ್ಕೆ ಎಳೆದ ಒಂದೇ ಒಂದು ಬೆಳ್ಳನೆಯ ಗೆರೆಯಾಗಿ ನಿಂತಿತು. ಧ್ವನಿ ಮಾತ್ರ ಎಂದಿನಂತೆಯೇ ಕೇಳುತ್ತಿತ್ತು. ನೋಡಲು ಬಂದ ದುರಸ್ತಿಗಾರನು ಹಿಂಬದಿಯ ಮುಚ್ಚಳವನ್ನೂ ತೆಗೆಯದೆ, "ಚಿತ್ರಕೊಳವೆ ಸತ್ತಿದೆ, ಗುಜರಿಗೆ ಹಾಕಿ" ಎಂದು ತೀರ್ಪಿತ್ತು ಹೊರಟುಹೋದನು. ಹುಡುಗನಿಗೆ ಈ ಮಾತಿನಲ್ಲಿ ನಂಬಿಕೆ ಬರಲಿಲ್ಲ. ತಾನೇ ತಿರುಪುಳಿಯನ್ನು ಹಿಡಿದು ಮುಚ್ಚಳವನ್ನು ಬಿಚ್ಚಿದನು. ಒಳಗೆ ಕೈಹಾಕುವಷ್ಟರಲ್ಲಿ ಅಜ್ಜನು ಗದರಿಸಿ ತಡೆದನು.

"ಆ ಗೆರೆಯನ್ನು ನೋಡಿ ಕೊಳವೆ ಸತ್ತಿದೆಯೆಂದು ಹೇಳಲು ಬರುತ್ತದೆಯೆ?" ಎಂಬುದು ಹುಡುಗನ ಪ್ರಶ್ನೆ.

ಬರುವುದಿಲ್ಲ. ಆ ಗೆರೆಯೇ ಕೊಳವೆ ಬದುಕಿದೆಯೆಂಬುದಕ್ಕೆ ಸಾಕ್ಷಿ. ಹೇಗೆಂಬುದನ್ನು ತಿಳಿಯಬೇಕಾದರೆ ಕೊಳವೆಯೊಳಗೆ ಚಿತ್ರವು ಹುಟ್ಟುವ ಬಗೆಯನ್ನು ಮೊದಲು ಅರಿಯಬೇಕು. ಅನುಭವಿಯಾದ ವೈದ್ಯನು ರೋಗಿಯ ನಾಡಿ, ನಾಲಿಗೆ, ಕಣ್ಣುಗಳನ್ನು ನೋಡಿ ಒಳಗಿನ ರೋಗವನ್ನು ಊಹಿಸುವಂತೆ, ತೆರೆಯ ಮೇಲಿನ ಚಿತ್ರವನ್ನು ನೋಡಿಯೇ ಯಂತ್ರದ ಯಾವ ಅಂಗವು ಕೆಟ್ಟಿದೆಯೆಂದು ಹೇಳಬಹುದು. ಇದಕ್ಕೆ ಮುಚ್ಚಳವನ್ನು ತೆಗೆಯಬೇಕಾಗಿಲ್ಲ. ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಕಲಿಯುವ ಭೌತವಿಜ್ಞಾನ ಸಾಕು.

ಕೊಳವೆಯ ಅಂಗಗಳು

ಕ್ಯಾಥೋಡ್ ಕಿರಣ ಕೊಳವೆಯನ್ನು ಅಳತೆಯ ಉಪಕರಣವಾಗಿ ಮೊದಲು ರಚಿಸಿದವನು ಜರ್ಮನಿಯ ಫರ್ಡಿನೆಂಡ್ ಬ್ರೌನ್, ಅದು ೧೮೯೭ರಲ್ಲಿ. ಅದೇ ವರ್ಷ ಇಂಗ್ಲೆಂಡಿನಲ್ಲಿ ಜೆ. ಜೆ. ಥಾಮ್ಸನ್ನನು ಆ ಕಿರಣಗಳು ಋಣವಿದ್ಯುತ್ತನ್ನು ಹೊತ್ತ ಅತಿ ಸೂಕ್ಷ್ಮ ಕಣಗಳ ಪ್ರವಾಹವೆಂದು ತೋರಿಸಿದನು. ಆ ಕಣಗಳನ್ನೇ ನಾವು ಇಂದು ಎಲೆಕ್ಟ್ರಾನುಗಳೆನ್ನುತ್ತೇವೆ. ಭಾರತದಲ್ಲಿ ದೂರದರ್ಶನದ ಪ್ರಸಾರವು ದೆಹಲಿಯಲ್ಲಿ ೧೯೫೯ರ ಸೆಪ್ಟೆಂಬರ್ ೧೫ರಂದು ಆರಂಭವಾಯಿತು. ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸುವ ಪ್ರಯೋಗವು ನಡೆದಾಗ ಕರ್ನಾಟಕದ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ೧೯೮೨ರಲ್ಲಿ ಬಣ್ಣದ ಪ್ರಸಾರವು ಬಂದಿತು. ಇಷ್ಟೂ ಕಾಲ ಜನರು ನೋಡಿದ ಚಿತ್ರವೆಲ್ಲವೂ ಬ್ರೌನನ ಕೊಳವೆಯ ಸಂತತಿಯಲ್ಲಿ ಮೂಡಿದುದೇ ಆಗಿತ್ತು.

ಕೊಳವೆಯ ಆಕಾರವು ಆಲಿಕೆಯಂತೆ. ಗಾಳಿಯನ್ನು ಹೊರದೂಡಿ ಮುಚ್ಚಿದ ಗಾಜಿನ ಪಾತ್ರೆ ಅದು. ಹಿಂಬದಿಯ ಕಿರಿದಾದ ಕತ್ತಿನಲ್ಲಿ ಎಲೆಕ್ಟ್ರಾನುಗಳನ್ನು ಹಾರಿಸುವ 'ಬಂದೂಕು' ಇರುವುದು. ಅದರಲ್ಲಿ ಸಣ್ಣದೊಂದು ತಂತಿಯು ಕೆಂಪಗೆ ಕಾದು ಕ್ಯಾಥೋಡನ್ನು ಬಿಸಿಮಾಡುತ್ತದೆ. ಬಿಸಿಯಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಕ್ಯಾಥೋಡಿನ ಮುಂದಿರುವ ಗ್ರಿಡ್ ಎಂಬ ಸಣ್ಣ ಬಟ್ಟಲು ನೀರಿನ ನಲ್ಲಿಯಂತೆ ಅವುಗಳ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವುದು. ತೆರೆಯ ಮೇಲಿನ ಬೆಳಕು ನೆರಳುಗಳೆಲ್ಲವೂ ಈ ಹತೋಟಿಯ ಫಲವೇ. ಆಮೇಲೆ ಆನೋಡಿನ ಅತ್ಯುಚ್ಚ ವೋಲ್ಟೇಜು ಅವುಗಳನ್ನು ಮುಂದಕ್ಕೆ ಸೆಳೆಯುತ್ತದೆ. ಕಪ್ಪು-ಬಿಳುಪಿನ ಕೊಳವೆಗಳಲ್ಲಿ ಇದು ಸುಮಾರು ೧೫,೦೦೦ ವೋಲ್ಟುಗಳಷ್ಟು, ದೊಡ್ಡ ಬಣ್ಣದ ಕೊಳವೆಗಳಲ್ಲಿ ಸುಮಾರು ೨೫,೦೦೦ ವೋಲ್ಟುಗಳಷ್ಟು ಇರುವುದುಂಟು. ೧೫,೦೦೦ ವೋಲ್ಟುಗಳಲ್ಲಿ ಓಡಿದ ಎಲೆಕ್ಟ್ರಾನಿನ ವೇಗವು ಸೆಕೆಂಡಿಗೆ ಸುಮಾರು ೭೦,೦೦೦ ಕಿಲೋಮೀಟರು. ಬೆಳಕಿನ ವೇಗದ ಕಾಲುಭಾಗಕ್ಕೆ ಹತ್ತಿರ. ಈ ವೇಗದಿಂದ ಅದು ತೆರೆಯ ಒಳಮೈಗೆ ಬಳಿದಿರುವ ಫಾಸ್ಫರ್ ಲೇಪವನ್ನು ಬಡಿದಾಗ ಅಲ್ಲಿ ಬೆಳಕು ಹುಟ್ಟುತ್ತದೆ.

ಕಿರಣವೊಂದೇ ಇದ್ದರೆ ತೆರೆಯ ನಡುವೆ ಒಂದು ಚುಕ್ಕೆ ಮಾತ್ರ ಕಾಣಿಸೀತು. ಚುಕ್ಕೆಯನ್ನು ಚಿತ್ರವನ್ನಾಗಿ ಹರಡುವ ಕೆಲಸ ಕತ್ತಿನ ಬುಡದಲ್ಲಿ ಸುತ್ತಿದ ಎರಡು ಜೊತೆ ತಂತಿಸುರುಳಿಗಳದು. ಒಂದು ಜೊತೆಯ ಕಾಂತಕ್ಷೇತ್ರವು ಕಿರಣವನ್ನು ಎಡಬಲಕ್ಕೆ ಬಾಗಿಸುತ್ತದೆ. ಇನ್ನೊಂದು ಜೊತೆ ಮೇಲೆ ಕೆಳಗೆ ಬಾಗಿಸುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ ೬೨೫ ಗೆರೆಗಳು, ಸೆಕೆಂಡಿಗೆ ೨೫ ಚಿತ್ರಗಳು. ಎಂದಮೇಲೆ ಸೆಕೆಂಡಿಗೆ ೧೫,೬೨೫ ಗೆರೆಗಳಾದುವು. ಒಂದು ಗೆರೆಗೆ ದೊರೆಯುವ ಕಾಲ ೬೪ ಮೈಕ್ರೋಸೆಕೆಂಡುಗಳು. ಇದರಲ್ಲಿ ಚಿತ್ರ ಬರೆಯಲು ಸುಮಾರು ೫೨, ಹಿಂದಿರುಗಿ ಮುಂದಿನ ಗೆರೆಗೆ ಸಿದ್ಧವಾಗಲು ಸುಮಾರು ೧೨. ಕಣ್ಣಿಗೆ ಮಿಟುಕು ತೋರದಿರಲೆಂದು ಪ್ರತಿಯೊಂದು ಚಿತ್ರವನ್ನೂ ಎರಡು ಸಲಕ್ಕೆ ಹಂಚಿ, ಮೊದಲು ಬೆಸ ಗೆರೆಗಳನ್ನು, ಬಳಿಕ ಸಮ ಗೆರೆಗಳನ್ನು ಎಳೆಯುತ್ತಾರೆ. ಹೀಗೆ ಕಿರಣವು ಮೇಲಿನಿಂದ ಕೆಳಕ್ಕೆ ಇಳಿಯುವುದು ಸೆಕೆಂಡಿಗೆ ೫೦ ಸಲ. ತೆರೆಯ ಅಗಲವು ೪೦ ಸೆಂಟಿಮೀಟರೆಂದು ಇಟ್ಟುಕೊಂಡರೆ ಚುಕ್ಕೆಯು ಗಾಜಿನ ಮೇಲೆ ಸೆಕೆಂಡಿಗೆ ಸುಮಾರು ೭.೭ ಕಿಲೋಮೀಟರು ವೇಗದಿಂದ ಓಡುತ್ತದೆ. ಭೂಮಿಗೆ ಸಮೀಪದಲ್ಲಿ ಸುತ್ತುವ ಕೃತಕ ಉಪಗ್ರಹದ ವೇಗವೂ ಹೆಚ್ಚುಕಡಿಮೆ ಇಷ್ಟೇ.

ಈಗ ನಮಗೆ ಬೇಕಾದ ಸೂತ್ರವು ದೊರೆಯಿತು. ಬೆಳಕು ಹುಟ್ಟಿಸುವುದು ಒಂದು ಕೆಲಸ. ಅದನ್ನು ಅಡ್ಡಕ್ಕೆ ಹರಡುವುದು ಎರಡನೆಯದು. ಉದ್ದಕ್ಕೆ ಹರಡುವುದು ಮೂರನೆಯದು. ಪ್ರಸಾರದೊಡನೆ ತಾಳ ಹೊಂದಿಸುವುದು ನಾಲ್ಕನೆಯದು. ಬಣ್ಣಗಳನ್ನು ಬೆರಸುವುದು ಐದನೆಯದು. ಇವುಗಳಲ್ಲಿ ಯಾವುದು ತಪ್ಪಿದೆ, ಯಾವುದು ಸರಿಯಾಗಿದೆ ಎಂದು ಚಿತ್ರವನ್ನು ನೋಡಿ ವಿಂಗಡಿಸುವುದೇ ರೋಗಪರೀಕ್ಷೆ.

ಮೊದಲು ಎಚ್ಚರಿಕೆ

ಚಿಕಿತ್ಸೆಯ ಮಾತಿಗೆ ಮುನ್ನ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಈ ಯಂತ್ರದ ಮುಚ್ಚಳವನ್ನು ವಿದ್ಯಾರ್ಥಿಗಳು ತಾವಾಗಿ ತೆಗೆಯಕೂಡದು. ಗೋಡೆಯ ಪ್ಲಗ್ಗನ್ನು ಕಿತ್ತಿಟ್ಟರೂ ಒಳಗೆ ಮೂರು ಬಗೆಯ ಅಪಾಯಗಳು ಕಾದಿರುತ್ತವೆ.

ಕೊಳವೆಯ ಗಾಜಿನ ಒಳಮೈಯಲ್ಲಿಯೂ ಹೊರಮೈಯಲ್ಲಿಯೂ ವಿದ್ಯುತ್ತನ್ನು ಒಯ್ಯುವ ಲೇಪವಿದೆ; ನಡುವೆ ಗಾಜು. ಇದೊಂದು ವಿದ್ಯುದ್ಧಾರಕವೇ ಸರಿ. ಯಂತ್ರವನ್ನು ಆರಿಸಿ ಎಷ್ಟೋ ಕಾಲವಾದ ಮೇಲೂ ಸಾವಿರಾರು ವೋಲ್ಟುಗಳ ವಿದ್ಯುತ್ತು ಅದರಲ್ಲಿ ಉಳಿದಿರಬಹುದು. ಎರಡನೆಯದು, ಮನೆಯ ವಿದ್ಯುತ್ತನ್ನು ನೇರಪ್ರವಾಹವನ್ನಾಗಿ ಮಾಡಿ ಸಮಗೊಳಿಸುವ ದೊಡ್ಡ ಧಾರಕ. ಇದರಲ್ಲಿ ವೋಲ್ಟೇಜು ಸುಮಾರು ೩೨೫ ಮಾತ್ರ. ಆದುದರಿಂದ ಇದು ಸಾಧುವೆಂದು ಹಲವರು ಬಗೆಯುತ್ತಾರೆ. ಲೆಕ್ಕವನ್ನು ಮಾಡಿ ನೋಡೋಣ. ಧಾರಕದಲ್ಲಿ ಅಡಗಿದ ಶಕ್ತಿಯು ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದುದರ ಅರ್ಧ. ಕೊಳವೆಯ ಧಾರಕತೆ ೨,೦೦೦ ಪಿಕೋಫ್ಯಾರಡ್, ವೋಲ್ಟೇಜು ೨೫,೦೦೦ ಎಂದುಕೊಂಡರೆ ಶಕ್ತಿಯು ಸುಮಾರು ೦.೬ ಜೂಲ್. ಸಮಗೊಳಿಸುವ ಧಾರಕವು ೨೨೦ ಮೈಕ್ರೋಫ್ಯಾರಡ್ ಆದರೆ ಸುಮಾರು ೧೧.೬ ಜೂಲ್, ಹತ್ತೊಂಬತ್ತು ಪಟ್ಟು ಹೆಚ್ಚು! ಇದರ ಮೇಲೆ, ಅನೇಕ ಯಂತ್ರಗಳಲ್ಲಿ ಒಳಗಿನ ಲೋಹದ ಚೌಕಟ್ಟೇ ಮನೆಯ ವಿದ್ಯುತ್ ತಂತಿಗೆ ನೇರವಾಗಿ ಸೇರಿರುವುದುಂಟು.

ಮೂರನೆಯ ಅಪಾಯ ಗಾಳಿಯ ಒತ್ತಡದ್ದು. ತೆರೆಯು ೪೦ ಸೆಂಟಿಮೀಟರು ಅಗಲ, ೩೦ ಸೆಂಟಿಮೀಟರು ಎತ್ತರವಾದರೆ ಅದರ ವಿಸ್ತಾರ ೧,೨೦೦ ಚದರ ಸೆಂಟಿಮೀಟರು. ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಹೊರಗಿನ ಗಾಳಿಯು ಸುಮಾರು ಒಂದು ಕಿಲೋಗ್ರಾಮಿನ ಭಾರದಿಂದ ಒತ್ತುವುದು. ಒಳಗೆ ಎದುರೊತ್ತಲು ಏನೂ ಇಲ್ಲ. ಎಂದರೆ ಮುಂಭಾಗದ ಗಾಜೊಂದೇ ೧,೨೦೦ ಕಿಲೋಗ್ರಾಮುಗಳ ಭಾರವನ್ನು ಹೊತ್ತು ನಿಂತಿದೆ. ತೆಳ್ಳಗಿನ ಕತ್ತಿಗೆ ಪೆಟ್ಟು ತಗುಲಿದರೆ ಕೊಳವೆಯು ಒಳಕ್ಕೆ ಕುಸಿದು ಗಾಜಿನ ಚೂರುಗಳು ಸಿಡಿಯಬಹುದು.

ಈ ಮಾತುಗಳನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ವಿದ್ಯಾರ್ಥಿಗಳಾಗಿದ್ದಾಗ, ಹಿಂದಿನ ದಿನವೇ ಆರಿಸಿದ್ದ ಯಂತ್ರವೊಂದರ ಆನೋಡಿನ ರಬ್ಬರು ಟೋಪಿಯ ಅಂಚನ್ನು ಬೆರಳಿನಿಂದ ಎತ್ತಲು ಹೋಗಿದ್ದೆವು. ಕೈಯು ನಮ್ಮ ಅಪ್ಪಣೆಯಿಲ್ಲದೆ ಹಿಂದಕ್ಕೆ ಎಗರಿ ಪೆಟ್ಟಿಗೆಯ ತಗಡಿನ ಅಂಚಿಗೆ ಬಡಿಯಿತು. ಮುಂಗೈಯ ಮೇಲಿನ ಆ ಗಾಯದ ಗುರುತು ಇಂದಿಗೂ ಇದೆ. ಅಂದಿನಿಂದ ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳುವುದು ಇಷ್ಟೇ: ರೋಗಪರೀಕ್ಷೆ ಹೊರಗಿನಿಂದ, ಶಸ್ತ್ರಚಿಕಿತ್ಸೆ ಬಲ್ಲವರಿಂದ.

ಬೆಳಕೇ ಇಲ್ಲದ ತೆರೆ

ಯಂತ್ರವನ್ನು ಹಚ್ಚಿದಾಗ ಧ್ವನಿಯಿದ್ದು ತೆರೆಯು ಪೂರ್ತಿ ಕಪ್ಪಾಗಿದ್ದರೆ ಏನೆಂದು ತಿಳಿಯಬೇಕು? ಮೊದಲು ಬೆಳಕಿನ ಹಾಗೂ ವೈದೃಶ್ಯದ ಗುಂಡಿಗಳು ಕೊನೆಯವರೆಗೆ ಇಳಿದಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಇದು ನಗೆ ಬರುವ ಮಾತಾದರೂ ಹಲವು ಯಂತ್ರಗಳ ರೋಗವು ಇಷ್ಟರಲ್ಲಿಯೇ ಗುಣವಾದುದುಂಟು.

ಅನಂತರ ಮುಂಗೈಯನ್ನು ತೆರೆಯ ಹತ್ತಿರ ಹಿಡಿದು ಯಂತ್ರವನ್ನು ಹಚ್ಚಬೇಕು. ಕೈಯ ರೋಮಗಳು ನವಿರಾಗಿ ಎದ್ದು ನಿಂತು, ಗಾಜಿನಿಂದ ಚಿಟಿಪಿಟಿ ಸದ್ದು ಕೇಳಿದರೆ ಅತ್ಯುಚ್ಚ ವೋಲ್ಟೇಜು ಹುಟ್ಟುತ್ತಿದೆಯೆಂದು ಅರ್ಥ. ಮುಚ್ಚಳದ ಗಾಳಿಕಿಂಡಿಗಳ ಮೂಲಕ ಕತ್ತಲೆಯಲ್ಲಿ ಇಣುಕಿದರೆ ಕತ್ತಿನ ತುದಿಯಲ್ಲಿ ಕಿತ್ತಳೆ ಬಣ್ಣದ ಮಂದವಾದ ಬೆಳಕು ಕಾಣಿಸಬೇಕು. ಅದು ಕ್ಯಾಥೋಡನ್ನು ಕಾಯಿಸುವ ತಂತಿ. ಇವೆರಡೂ ಇದ್ದು ತೆರೆ ಕಪ್ಪಾಗಿದ್ದರೆ ದೋಷವು ಗ್ರಿಡ್ ಮತ್ತು ಕ್ಯಾಥೋಡುಗಳ ಹತೋಟಿಯಲ್ಲಿದೆ; ನಲ್ಲಿಯು ಮುಚ್ಚಿಕೊಂಡಿದೆ ಎನ್ನಬಹುದು. ಎರಡೂ ಇಲ್ಲವಾದರೆ ಅಡ್ಡಗೆರೆಗಳ ವಿಭಾಗದ ಕಡೆಗೆ ನೋಡಬೇಕು.

ಅತ್ಯುಚ್ಚ ವೋಲ್ಟೇಜಿಗೂ ಅಡ್ಡಗೆರೆಗೂ ಏನು ಸಂಬಂಧ? ಗೆರೆಯ ಕೊನೆಯಲ್ಲಿ ಕಿರಣವು ಎಡಕ್ಕೆ ಮರಳುವ ಆ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಸುರುಳಿಯ ವಿದ್ಯುತ್ ಪ್ರವಾಹವು ಬಲು ರಭಸದಿಂದ ಬದಲಾಗುತ್ತದೆ. ಪ್ರವಾಹದ ಬದಲಾವಣೆಯು ಎಷ್ಟು ರಭಸವೋ ಪ್ರೇರಿತವಾಗುವ ವೋಲ್ಟೇಜು ಅಷ್ಟು ಹೆಚ್ಚು. ಫ್ಯಾರಡೆಯ ಈ ನಿಯಮವನ್ನು ಬಳಸಿಕೊಂಡು ಲೈನ್ ಟ್ರಾನ್ಸ್‌ಫಾರ್ಮರು ಆ ಹಿಂದಿರುಗುವ ಕ್ಷಣದಿಂದಲೇ ಸಾವಿರಾರು ವೋಲ್ಟುಗಳನ್ನು ಪಡೆಯುವುದು. ಈಚಿನ ಅನೇಕ ಯಂತ್ರಗಳಲ್ಲಿ ಕಾಯಿಸುವ ತಂತಿಗೂ ಅಲ್ಲಿಂದಲೇ ವಿದ್ಯುತ್ತು. ಆದುದರಿಂದ ಅಡ್ಡಗೆರೆಯ ವಿಭಾಗವು ನಿಂತರೆ ಬೆಳಕೂ ನಿಲ್ಲುತ್ತದೆ.

ಒಂದೇ ಗೆರೆಯ ಚಿತ್ರ

ಈಗ ಅಜ್ಜನ ಮನೆಯ ಯಂತ್ರಕ್ಕೆ ಬರೋಣ. ಅಡ್ಡವಾಗಿ ಒಂದು ಗೆರೆಯು ಬೆಳಗುತ್ತಿದೆ. ಬೆಳಕು ಇರುವುದರಿಂದ ಕ್ಯಾಥೋಡು ಬಿಸಿಯಾಗಿದೆ, ಅತ್ಯುಚ್ಚ ವೋಲ್ಟೇಜು ಇದೆ, ಫಾಸ್ಫರು ಕೆಲಸ ಮಾಡುತ್ತಿದೆ. ಎಂದರೆ ಕೊಳವೆಯು ಸತ್ತಿಲ್ಲ. ಗೆರೆಯು ಎಡದಿಂದ ಬಲದವರೆಗೆ ಚಾಚಿರುವುದರಿಂದ ಅಡ್ಡಕ್ಕೆ ಹರಡುವ ವಿಭಾಗವೂ ಸರಿಯಾಗಿದೆ. ಇಲ್ಲದಿರುವುದು ಮೇಲೆ ಕೆಳಗೆ ಹರಡುವ ಕೆಲಸವೊಂದೇ. ೬೨೫ ಗೆರೆಗಳೂ ಒಂದರ ಮೇಲೊಂದು ಅದೇ ಜಾಗದಲ್ಲಿ ಬೀಳುತ್ತಿವೆ. ಗೆರೆಯು ಕಣ್ಣು ಕೋರೈಸುವಷ್ಟು ಬೆಳ್ಳಗಿರುವುದಕ್ಕೆ ಇದೇ ಕಾರಣ.

ಇಂತಹ ಯಂತ್ರವನ್ನು ಹಚ್ಚಿಟ್ಟುಕೊಂಡು ನೋಡುತ್ತ ಕೂರಬಾರದು. ಇಡೀ ತೆರೆಗೆ ಹಂಚಬೇಕಾದ ಶಕ್ತಿಯು ಒಂದೇ ಗೆರೆಯ ಮೇಲೆ ಸುರಿದು ಅಲ್ಲಿಯ ಫಾಸ್ಫರನ್ನು ಸುಟ್ಟುಬಿಡುವುದು. ಆ ಕಪ್ಪು ಗುರುತನ್ನು ಅಳಿಸಲು ಯಾರಿಂದಲೂ ಆಗದು. ಬೆಳಕನ್ನು ಕೂಡಲೆ ತಗ್ಗಿಸಿ ಯಂತ್ರವನ್ನು ಆರಿಸಬೇಕು.

ಅಡ್ಡಗೆರೆಯ ಬದಲು ಮೇಲಿನಿಂದ ಕೆಳಗೆ ಒಂದು ಗೆರೆ ಮಾತ್ರ ಕಂಡರೆ? ಅಡ್ಡಕ್ಕೆ ಹರಡುವುದು ನಿಂತಿದೆ, ಆದರೂ ಬೆಳಕಿದೆ. ಮೇಲೆ ಹೇಳಿದಂತೆ ಆ ವಿಭಾಗವೇ ಪೂರ್ತಿ ಕೆಟ್ಟಿದ್ದರೆ ಬೆಳಕು ಇರುತ್ತಿರಲಿಲ್ಲ. ಆದುದರಿಂದ ಟ್ರಾನ್ಸ್‌ಫಾರ್ಮರು ನಡೆಯುತ್ತಿದ್ದು, ಸುರುಳಿಗೆ ಹೋಗುವ ದಾರಿ ಮಾತ್ರ ಎಲ್ಲಿಯೋ ಕಡಿದಿದೆ. ಮುಚ್ಚಳವನ್ನು ತೆಗೆಯದೆ ಇಷ್ಟು ದೂರ ಬರಬಹುದೆಂಬುದನ್ನು ವಾಚಕರು ಗಮನಿಸಬೇಕು.

ಉರುಳುವ ಚಿತ್ರ, ಹರಿದ ಚಿತ್ರ

ಚಿತ್ರವು ಪೂರ್ಣವಾಗಿದ್ದೂ ಮೇಲಕ್ಕೋ ಕೆಳಕ್ಕೋ ಉರುಳುತ್ತಿದ್ದರೆ ತಾಳ ತಪ್ಪಿದೆಯೆಂದು ತಿಳಿಯಬೇಕು. ಪ್ರಸಾರದಲ್ಲಿ ಸೆಕೆಂಡಿಗೆ ೫೦ ಸಲ ಒಂದು ಸೂಚನೆ ಬರುತ್ತದೆ: 'ಇಲ್ಲಿಂದ ಮತ್ತೆ ಮೇಲಕ್ಕೆ ಹೋಗು.' ಯಂತ್ರದ ಆಂದೋಲಕವು ಸೂಚನೆಯನ್ನು ಹಿಡಿಯಲಾರದೆ ೪೯ ಸಲ ಮಾತ್ರ ಓಡಿದರೆ ಚಿತ್ರವು ಸೆಕೆಂಡಿಗೆ ಒಂದು ಸಲ ಉರುಳುವುದು. ಹಳೆಯ ಯಂತ್ರಗಳಲ್ಲಿ ಇದನ್ನು ಸರಿಪಡಿಸುವ ಗುಂಡಿಯು ಹೊರಗೇ ಇರುತ್ತದೆ. ಅದನ್ನು ನಿಧಾನವಾಗಿ ತಿರುಗಿಸಿದರೆ ಚಿತ್ರವು ನಿಲ್ಲುತ್ತದೆ. ನಿಂತ ಚಿತ್ರವು ಯಂತ್ರ ಬಿಸಿಯಾದ ಮೇಲೆ ಮತ್ತೆ ಉರುಳತೊಡಗಿದರೆ ಆಂದೋಲಕದ ಯಾವುದೋ ಧಾರಕವೋ ರೋಧಕವೋ ಕಾವಿಗೆ ತನ್ನ ಬೆಲೆಯನ್ನು ಬದಲಿಸುತ್ತಿದೆಯೆಂದು ಊಹಿಸಬಹುದು.

ಚಿತ್ರವು ಓರೆಯಾದ ಪಟ್ಟಿಗಳಾಗಿ ಹರಿದುಹೋಗಿದ್ದರೆ ಅಡ್ಡಗೆರೆಯ ತಾಳವು ತಪ್ಪಿದೆ. ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಆಂದೋಲಕವು ೧೫,೬೨೫ರ ಬದಲು ೫೦ ಹೆಚ್ಚಾಗಿಯೋ ಕಡಿಮೆಯಾಗಿಯೋ ಓಡಿದರೆ, ಕಿರಣವು ಒಂದು ಸಲ ಮೇಲಿನಿಂದ ಕೆಳಕ್ಕೆ ಬರುವಷ್ಟರಲ್ಲಿ ಸರಿಯಾಗಿ ಒಂದು ಗೆರೆಯಷ್ಟು ವ್ಯತ್ಯಾಸವಾಗುವುದು. ತೆರೆಯ ಮೇಲೆ ಒಂದು ಓರೆಪಟ್ಟಿ ಕಾಣುವುದು. ಮೂರು ಪಟ್ಟಿಗಳಿದ್ದರೆ ವ್ಯತ್ಯಾಸವು ೧೫೦. ಅದು ನೂರಕ್ಕೆ ಸುಮಾರು ಒಂದರಷ್ಟು ತಪ್ಪು. ಅಳೆಯುವ ಉಪಕರಣವೇ ಇಲ್ಲದೆ, ಪಟ್ಟಿಗಳನ್ನು ಬೆರಳೆಣಿಸಿ, ಆಂದೋಲಕದ ತಪ್ಪನ್ನು ಹೇಳಿದಂತಾಯಿತು. ಹೊರಗಿನ ಗುಂಡಿಯನ್ನು ತಿರುಗಿಸುವಾಗ ಪಟ್ಟಿಗಳ ಸಂಖ್ಯೆ ಇಳಿಯುತ್ತ ಬಂದರೆ ನಾವು ಸರಿಯಾದ ದಿಕ್ಕಿನಲ್ಲಿದ್ದೇವೆ.

ಹಿಗ್ಗುವುದು, ಕುಗ್ಗುವುದು, ತೂಗಾಡುವುದು

ಬೆಳಕಿನ ಗುಂಡಿಯನ್ನು ಏರಿಸಿದಂತೆ ಚಿತ್ರವು ಹಿಗ್ಗಿ, ಮಸುಕಾಗಿ, ಕೊನೆಗೆ ಕಾಣದಾಗುವುದೊಂದು ರೋಗ. ಬೆಳಕು ಹೆಚ್ಚಿಸಿದರೆ ಚಿತ್ರವು ದೊಡ್ಡದಾಗಬೇಕೇಕೆ? ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನು ನಿಧಾನವಾಗಿದ್ದಷ್ಟೂ ಹೆಚ್ಚು ಬಾಗುತ್ತದೆ. ಬಾಗುವಿಕೆಯು ಆನೋಡ್ ವೋಲ್ಟೇಜಿನ ವರ್ಗಮೂಲಕ್ಕೆ ವಿಲೋಮವಾಗಿರುವುದು. ಹೆಚ್ಚು ಎಲೆಕ್ಟ್ರಾನುಗಳನ್ನು ಕೇಳಿದಾಗ ಅತ್ಯುಚ್ಚ ವೋಲ್ಟೇಜಿನ ಮೂಲವು ಬಳಲಿ ನೂರಕ್ಕೆ ಹತ್ತರಷ್ಟು ಇಳಿದರೆ, ಚಿತ್ರವು ನೂರಕ್ಕೆ ಸುಮಾರು ಐದರಷ್ಟು ಹಿಗ್ಗುತ್ತದೆ. ಇದನ್ನು ಕಂಡಾಗ ಅತ್ಯುಚ್ಚ ವೋಲ್ಟೇಜಿನ ಮೂಲವನ್ನೇ ಸಂಶಯಿಸಬೇಕು. ಆದರೆ ಆ ವೋಲ್ಟೇಜನ್ನು ತಯಾರಕರು ಗೊತ್ತುಪಡಿಸಿದ ಮಿತಿಗಿಂತ ಮೇಲೇರಿಸಿ ಚಿತ್ರವನ್ನು ಚೊಕ್ಕಟಮಾಡುವ ಆಸೆ ಬೇಡ. ವೇಗದ ಎಲೆಕ್ಟ್ರಾನುಗಳು ತಡೆಗೊಂಡಾಗ ಕ್ಷಕಿರಣಗಳು ಹುಟ್ಟುವುವು. ವೋಲ್ಟೇಜು ಏರಿದಷ್ಟೂ ಅವು ಗಾಜನ್ನು ಸುಲಭವಾಗಿ ತೂರುತ್ತವೆ.

ಚಿತ್ರವು ನಾಲ್ಕೂ ಕಡೆಯಿಂದ ಕುಗ್ಗಿದ್ದರೆ ಯಂತ್ರಕ್ಕೆ ಸಾಕಷ್ಟು ವಿದ್ಯುತ್ತು ದೊರೆಯುತ್ತಿಲ್ಲ. ಮೇಲೆ ಕೆಳಗೆ ಮಾತ್ರ ಕುಗ್ಗಿದ್ದರೆ ಆ ವಿಭಾಗದ ಎಲೆಕ್ಟ್ರೊಲಿಟಿಕ್ ಧಾರಕಗಳು ಒಣಗಿರುವ ಸಂಭವ ಹೆಚ್ಚು. ಈ ಧಾರಕಗಳೊಳಗೆ ದ್ರವವಿರುತ್ತದೆ. ವರ್ಷಗಟ್ಟಲೆ ಕಾವಿನಲ್ಲಿ ಅದು ಆರಿ ಧಾರಕತೆಯು ತಗ್ಗುವುದು. ಹಳೆಯ ಯಂತ್ರಗಳ ರೋಗಗಳಲ್ಲಿ ಇದು ಬಹು ಸಾಮಾನ್ಯವಾದುದು. ಸಮಗೊಳಿಸುವ ದೊಡ್ಡ ಧಾರಕವು ಹೀಗೆ ಒಣಗಿದಾಗ ಮನೆಯ ವಿದ್ಯುತ್ತಿನ ಏರಿಳಿತವು ಚಿತ್ರಕ್ಕೂ ನುಸುಳಿ, ಮಬ್ಬಾದ ಅಡ್ಡಪಟ್ಟಿಗಳು ನಿಧಾನವಾಗಿ ತೇಲುತ್ತವೆ. ಚಿತ್ರದ ಅಂಚುಗಳು ಹಾವಿನಂತೆ ಬಳುಕುತ್ತವೆ. ಪಟ್ಟಿಯು ಒಂದೇ ಆದರೆ ಏರಿಳಿತವು ಸೆಕೆಂಡಿಗೆ ೫೦ ಸಲ, ಎರಡಾದರೆ ೧೦೦ ಸಲ. ಪೂರ್ಣತರಂಗವನ್ನು ಬಳಸುವ ರೆಕ್ಟಿಫೈಯರಿನ ನಂತರ ಉಳಿಯುವುದು ೧೦೦ರ ಏರಿಳಿತವಾದುದರಿಂದ ಎರಡು ಪಟ್ಟಿಗಳು ಆ ಧಾರಕದ ಕಡೆಗೇ ಬೆರಳು ತೋರುತ್ತವೆ.

ಬಣ್ಣಗಳ ತೊಂದರೆ

ಬಣ್ಣದ ಕೊಳವೆಯಲ್ಲಿ ಮೂರು ಕಿರಣಗಳುಂಟು: ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು. ಚಿತ್ರದಲ್ಲಿ ಬಿಳಿಯಾಗಿರಬೇಕಾದ ಭಾಗವು ಹಳದಿಯಾಗಿ ಕಂಡರೆ ನೀಲಿಯು ಬರುತ್ತಿಲ್ಲ. ಹಸಿರುನೀಲಿಯಾಗಿ ಕಂಡರೆ ಕೆಂಪು ಬರುತ್ತಿಲ್ಲ. ನೇರಳೆಗೆಂಪಾಗಿ ಕಂಡರೆ ಹಸಿರು ಬರುತ್ತಿಲ್ಲ. ಬೆಳಕಿನ ಬಣ್ಣಗಳ ಕೂಡುವಿಕೆಯನ್ನು ಬಲ್ಲವರಿಗೆ ಇದು ಕೂಡಲೆ ಹೊಳೆಯುವುದು. ಗಣಕಯಂತ್ರಗಳ ಹಳೆಯ ತೆರೆಗಳಲ್ಲಿ ಈ ರೋಗ ಕಂಡರೆ ಮೊದಲು ಯಂತ್ರವನ್ನು ಆರಿಸಿ, ಹೊರಗಿನ ಕೇಬಲಿನ ತುದಿಯನ್ನು ಬಿಡಿಸಿ ನೋಡಬೇಕು. ಒಂದು ಸೂಜಿಯು ಬಾಗಿ ಒಂದು ಬಣ್ಣವೇ ಹೋಗಿರುವುದುಂಟು. ಕೇಬಲನ್ನು ಅಲುಗಿಸಿದಾಗ ಬಣ್ಣವು ಬಂದು ಹೋಗುತ್ತಿದ್ದರೆ ಕೊಳವೆಯನ್ನು ದೂರಬೇಕಾಗಿಲ್ಲ.

ತೆರೆಯ ಒಂದು ಮೂಲೆಯಲ್ಲಿ ಮಾತ್ರ ಹಸಿರೋ ನೇರಳೆಯೋ ಕಲೆ ನಿಂತಿದ್ದರೆ ಅದು ಬೇರೆಯ ಕಥೆ. ಫಾಸ್ಫರಿನ ಹಿಂದೆ ಸಾವಿರಾರು ರಂಧ್ರಗಳ ತೆಳ್ಳಗಿನ ಉಕ್ಕಿನ ಹಾಳೆಯಿದೆ. ಒಂದೊಂದು ಕಿರಣವೂ ತನ್ನ ಬಣ್ಣದ ಚುಕ್ಕೆಯನ್ನೇ ಮುಟ್ಟುವಂತೆ ಅದು ಕಾಯುತ್ತದೆ. ಈ ಹಾಳೆಯು ಕಾಂತತ್ವವನ್ನು ಪಡೆದುಬಿಟ್ಟರೆ ಕಿರಣಗಳು ದಾರಿ ತಪ್ಪಿ ನೆರೆಯ ಬಣ್ಣವನ್ನು ಬೆಳಗುತ್ತವೆ. ಪಕ್ಕದಲ್ಲಿಟ್ಟ ಧ್ವನಿವರ್ಧಕದ ಆಯಸ್ಕಾಂತವೇ ಬಹುಮಟ್ಟಿಗೆ ಇದಕ್ಕೆ ಕಾರಣ. ಭೂಮಿಯ ಕಾಂತಕ್ಷೇತ್ರವೂ ಕಿರಣವನ್ನು ಅಷ್ಟಿಷ್ಟು ಬಾಗಿಸುವುದು. ಕಾಂತ ವಿಷುವದ್ರೇಖೆಯು ಭಾರತದ ದಕ್ಷಿಣ ತುದಿಯ ಬಳಿಯೇ ಹಾಯುವುದರಿಂದ ಕರ್ನಾಟಕದಲ್ಲಿ ಈ ಕ್ಷೇತ್ರದ ಬಹುಭಾಗವು ನೆಲಕ್ಕೆ ಸಮಾನಾಂತರವಾಗಿದೆ. ಆದುದರಿಂದ ಯಂತ್ರದ ಮುಖವನ್ನು ಉತ್ತರದಿಂದ ಪೂರ್ವಕ್ಕೆ ತಿರುಗಿಸಿದರೆ ಕೆಲವು ಕೊಳವೆಗಳ ಬಣ್ಣವು ನಸುವಾಗಿ ಬದಲಾಗುವುದನ್ನು ಕಾಣಬಹುದು.

ಇದರ ಚಿಕಿತ್ಸೆಯನ್ನು ತಯಾರಕರೇ ಯಂತ್ರದೊಳಗೆ ಇಟ್ಟಿದ್ದಾರೆ. ಕೊಳವೆಯ ಸುತ್ತ ಒಂದು ದೊಡ್ಡ ಸುರುಳಿಯಿದೆ. ಯಂತ್ರವನ್ನು ಹಚ್ಚಿದ ಕೂಡಲೆ ಅದರಲ್ಲಿ ಪರ್ಯಾಯ ಪ್ರವಾಹವು ಜೋರಾಗಿ ಹರಿದು ಕೆಲವು ಸೆಕೆಂಡುಗಳಲ್ಲಿ ಅಡಗುತ್ತದೆ; ಆಗ ಕೇಳುವ 'ಗುಂಯ್' ಎಂಬ ಸದ್ದು ಅದರದೇ. ದಿಕ್ಕು ಬದಲಿಸುತ್ತ ಕ್ಷೀಣಿಸುವ ಕಾಂತಕ್ಷೇತ್ರದಲ್ಲಿ ಉಕ್ಕಿನ ಕಾಂತತ್ವವು ಸುತ್ತುಸುತ್ತಿಗೂ ಇಳಿದು ಬಹುಮಟ್ಟಿಗೆ ಇಲ್ಲವಾಗುವುದು. ಪ್ರವಾಹವನ್ನು ಅಡಗಿಸುವುದು ಬಿಸಿಯಾದಂತೆ ರೋಧವು ಹೆಚ್ಚುವ ಒಂದು ವಿಶೇಷ ರೋಧಕ. ಅದು ತಣ್ಣಗಾಗದೆ ಎರಡನೆಯ ಸಲ ಕೆಲಸ ಮಾಡದು. ಆದುದರಿಂದ ಆಯಸ್ಕಾಂತವನ್ನು ದೂರವಿರಿಸಿ, ಯಂತ್ರವನ್ನು ಗೋಡೆಯ ಸ್ವಿಚ್ಚಿನಲ್ಲಿಯೇ ಆರಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಹಚ್ಚಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಸಾಮಾನ್ಯವಾದ ಕಲೆಗಳು ಮಾಯವಾಗುವುವು. ಆಗಲೂ ಹೋಗದಿದ್ದರೆ ಆ ರೋಧಕವೇ ಕೆಟ್ಟಿರಬಹುದು.

ಕೊಳವೆಯ ಮುಪ್ಪು

ಹಾಗಾದರೆ ಕೊಳವೆಗೆ ಸಾವೇ ಇಲ್ಲವೆ? ಇದೆ, ಅದರ ಲಕ್ಷಣಗಳು ಬೇರೆ. ಕ್ಯಾಥೋಡಿನ ಲೇಪವು ಸವೆದಾಗ ಚಿತ್ರವು ಮೂಡಲು ಹಲವು ನಿಮಿಷಗಳು ಬೇಕಾಗುವುವು. ಮೂಡಿದ ಚಿತ್ರವು ಮಂಕಾಗಿರುತ್ತದೆ. ಮುಖದ ಬೆಳ್ಳನೆಯ ಭಾಗಗಳು ಬೆಳ್ಳಿಯ ತಗಡಿನಂತೆ ಚಪ್ಪಟೆಯಾಗಿ ಹೊಳೆಯುತ್ತವೆ. ನಲ್ಲಿಯನ್ನು ಎಷ್ಟು ತಿರುಗಿಸಿದರೂ ತೊಟ್ಟಿಯಲ್ಲಿ ನೀರು ಸಾಲದು. ಕಾಯಿಸುವ ತಂತಿಗೆ ತುಸು ಹೆಚ್ಚು ವೋಲ್ಟೇಜು ಕೊಟ್ಟು ಕ್ಯಾಥೋಡನ್ನು ಚೇತರಿಸುವ ಉಪಾಯವನ್ನು ಬಲ್ಲವರು ಮಾಡುವುದುಂಟು. ಅದರಿಂದ ದೊರೆಯುವ ಆಯುಷ್ಯವು ಅಲ್ಪಕಾಲದ್ದು. ಮನೆಬಳಕೆಯ ದೂರದರ್ಶನಕ್ಕಾಗಿ ಹೊಸ ಕೊಳವೆಗಳನ್ನು ಮಾಡುವುದು ನಿಂತುಹೋಗಿರುವುದರಿಂದ ಇರುವ ಕೊಳವೆಯನ್ನು ಜೋಪಾನಮಾಡುವುದೇ ಉಳಿದ ದಾರಿ. ಬೆಳಕನ್ನು ಅಗತ್ಯಕ್ಕಿಂತ ಏರಿಸದಿರುವುದು, ನಿಶ್ಚಲವಾದ ಚಿತ್ರವನ್ನು ಗಂಟೆಗಟ್ಟಲೆ ಬಿಡದಿರುವುದು ಇವೇ ಅದರ ಪಥ್ಯ.

ಗೆರೆಯ ಕಥೆಯ ಕೊನೆ

ವಿದ್ಯಾರ್ಥಿಗೆ ನಾವು ಈ ತರ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆವು. ಅವನು ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಊರಿಗೆ ಹೋದನು, ತಿರುಪುಳಿಯನ್ನು ಮುಟ್ಟದೆ, ಅನುಭವಿಯಾದ ಹಿರಿಯ ದುರಸ್ತಿಗಾರರೊಬ್ಬರನ್ನು ಕರೆತಂದು, "ಕೊಳವೆ ಸರಿಯಾಗಿದೆ, ಮೇಲೆ ಕೆಳಗೆ ಹರಡುವ ವಿಭಾಗವನ್ನು ಮಾತ್ರ ನೋಡಿ" ಎಂದನು. ಆ ಹಿರಿಯರು ಧಾರಕಗಳ ವಿದ್ಯುತ್ತನ್ನು ರೋಧಕದ ಮೂಲಕ ಇಳಿಸಿ, ಆ ವಿಭಾಗದ ಬೆಸುಗೆಗಳನ್ನು ಭೂತಗನ್ನಡಿಯಿಂದ ನೋಡಿದರು. ಬಿಸಿಯಾಗುವ ಬಿಡಿಭಾಗವೊಂದರ ಕಾಲಿನ ಸುತ್ತ ಕೂದಲೆಳೆಯಂತಹ ವರ್ತುಲಾಕಾರದ ಬಿರುಕು ಕಂಡಿತು. ದಿನವೂ ಕಾದು, ದಿನವೂ ತಣಿದು, ಬೆಸುಗೆಯು ಬಿಟ್ಟಿತ್ತು. ಒಂದು ತೊಟ್ಟು ಸೀಸದ ಬೆಸುಗೆಯಿಂದ ಅಜ್ಜನಿಗೆ ವಾರ್ತೆ ಮರಳಿ ಬಂದಿತು.

ಅಂದು ಆ ಕೊಳವೆಯನ್ನು ಗುಜರಿಗೆ ಹಾಕಿದ್ದರೆ ನಷ್ಟವು ಅಜ್ಜನೊಬ್ಬನದೇ ಆಗುತ್ತಿರಲಿಲ್ಲ. ಬಣ್ಣದ ಕೊಳವೆಯ ಹಿಂಭಾಗದ ಗಾಜಿನಲ್ಲಿ ಕ್ಷಕಿರಣಗಳನ್ನು ತಡೆಯಲೆಂದು ಸೇರಿಸಿದ ಸೀಸದ ಆಕ್ಸೈಡು ತೂಕದಲ್ಲಿ ಐದನೆಯ ಒಂದು ಭಾಗದಷ್ಟಿರುವುದು. ತಾಮ್ರದ ಸುರುಳಿಗಾಗಿ ಕೊಳವೆಯನ್ನು ಕಲ್ಲಿನಿಂದ ಒಡೆಯುವ ಕೈಗಳು ಅನೇಕವೇಳೆ ಬಡಮಕ್ಕಳ ಕೈಗಳು. ಒಡೆದ ಗಾಜು ಸೇರುವುದು ನಮ್ಮದೇ ನೆಲವನ್ನು. ನಿಜವಾಗಿ ಮುಪ್ಪಾದ ಕೊಳವೆಯನ್ನು ಒಡೆಯದೆ, ವಿದ್ಯುನ್ಮಾನ ತ್ಯಾಜ್ಯವನ್ನು ಪಡೆಯಲು ಅನುಮತಿಯುಳ್ಳವರಿಗೆ ಇಡಿಯಾಗಿಯೇ ಒಪ್ಪಿಸಬೇಕು.

ವಾಚಕರು ತಮ್ಮ ಮನೆಯಲ್ಲಿಯೋ ಕಾಲೇಜಿನಲ್ಲಿಯೋ ಇಂತಹ ಯಂತ್ರವನ್ನು ಕಂಡರೆ ಚಿತ್ರವನ್ನು ಒಂದು ನಿಮಿಷ ಸುಮ್ಮನೆ ನೋಡಲಿ. ಬೆಳಕಿದೆಯೆ? ಅಡ್ಡಕ್ಕೆ ಹರಡಿದೆಯೆ? ಉದ್ದಕ್ಕೆ ಹರಡಿದೆಯೆ? ನಿಂತಿದೆಯೆ? ಬಿಳಿಯು ಬಿಳಿಯಾಗಿದೆಯೆ? ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಕಾಗದದ ಮೇಲೆ ಬರೆದ ನಂತರವೇ ಯಾರನ್ನಾದರೂ ಕರೆಯಲಿ. ಏನು ಕೆಟ್ಟಿದೆಯೆಂಬುದರಷ್ಟೇ, ಏನು ಕೆಟ್ಟಿಲ್ಲವೆಂಬುದನ್ನೂ ತಿಳಿಯುವುದು ಮುಖ್ಯ.